ನಾಲ್ಕು ಅಕೌಂಟ್ ಒಟ್ಟಿಗೆ ಆಡೋಕೆ 43 ಇಂಚಿನ ಟಿವಿ ತಗೊಳ್ಳೋದಾ, ಎರಡ್ಮೂರು ಮಾನಿಟರ್ ತಗೊಳ್ಳೋದಾ?

ಗಣಿಹಡಗು
ಎಲ್ರಿಗೂ ನಮಸ್ಕಾರ. ದಾವಣಗೆರೆ ನಿಟುವಳ್ಳಿ ಕಡೆಯವ್ನು. ಒಂದು ತಲೆಬಿಸಿ ಐತೆ, ಗೊತ್ತಿರೋರು ದಾರಿ ತೋರಿಸ್ರಪ್ಪ. ನಾನು ಈವ್ ಆನ್‌ಲೈನ್ ಅಂತ ಬಾಹ್ಯಾಕಾಶದ ಹಡಗಿನ ಆಟ ಆಡ್ತೀನಿ, ನಾಲ್ಕು ಅಕೌಂಟು, ನಾಲ್ಕೂ ದುಡ್ಡು ಕಟ್ಟಿರೋ ಒಮೆಗಾನೇ. ಮೂರು ಹಡಗು ಮೈನಿಂಗ್ ಮಾಡ್ತವೆ, ಅಂದ್ರೆ ಕಲ್ಲಿಂದ ಅದಿರು ತೆಗೀತವೆ, ಇನ್ನೊಂದು ಅವಕ್ಕೆ ಬೂಸ್ಟ್ ಕೊಡುತ್ತೆ. ಈಗಿರೋದು ಒಂದೇ 22 ಇಂಚಿನ ಮಾನಿಟರ್, ಆಲ್ಟ್-ಟ್ಯಾಬ್ ಒತ್ತಿ ಒತ್ತಿ ಬೆರಳು ಸವೆದೋಗೈತೆ, ಒಂದು ವಿಂಡೋದಲ್ಲಿ ಕಲ್ಲು ಮುಗೀತಾ ಅಂತ ನೋಡೋ ಹೊತ್ತಿಗೆ ಇನ್ನೊಂದ್ರಲ್ಲಿ ಹಡಗು ಹೊಟ್ಟೆ ತುಂಬ್ಕೊಂಡು ಸುಮ್ನೆ ನಿಂತಿರುತ್ತೆ.

ಪಿಸಿ ಪರವಾಗಿಲ್ಲ, ಆರು ಕೋರ್ ರೈಜನ್, 32 ಜಿಬಿ ರ್‍ಯಾಮ್, 8 ಜಿಬಿ ಗ್ರಾಫಿಕ್ಸ್ ಕಾರ್ಡ್. ಟೇಬಲ್ ನಾಲ್ಕಡಿ ಅಗಲ, ಎರಡಡಿ ಆಳ, ಗೋಡೆಗೆ ಒತ್ತಿಟ್ಟಿದೀನಿ. ಬಜೆಟ್ 30 ಸಾವಿರ, ಮನೇಲಿ ಗೊತ್ತಾಗದಂಗೆ 32ರ ತನಕ ಎಳೀಬಹುದು. 43 ಇಂಚಿನ 4ಕೆ ಟಿವಿ ತಗೊಂಡು ನಾಲ್ಕು ಮೂಲೆಗೆ ನಾಲ್ಕು ವಿಂಡೋ ಇಡೋದಾ, ಅಥ್ವಾ 24 ಇಂಚಿನವು ಎರಡ್ಮೂರು ಜೋಡಿಸೋದಾ? ಯಾರಾದ್ರೂ ಹಿಂಗೆ ಆಡೋರು ಇದ್ರೆ ಹೇಳಿ.

ಮಂಡಕ್ಕಿ_ಮಿರ್ಚಿ
ಇದ್ರಲ್ಲಿ ಯೋಚ್ನೆ ಮಾಡೋದೇನೈತೆ ಗುರು. 55 ಇಂಚಿಂದು ತಗೋ, ನಾಲ್ಕು ಭಾಗ ಮಾಡು, ಆಡು. ಬೇಜಾರಾದ್ರೆ ಐಪಿಎಲ್ ಹಾಕ್ಕೋ.

ದುರ್ಗದ_ಅಕ್ಕ
ಎರಡಡಿ ಆಳದ ಟೇಬಲ್ ಮೇಲೆ 55 ಇಂಚಾ? ಗಣಿಹಡಗು ಅವ್ರೆ, ಮಿರ್ಚಿ ಮಾತು ಕೇಳಿದ್ರೆ ಕತ್ತು ನೋವಿಗೆ ಎಣ್ಣೆ ನೀವಿಸ್ಕೋಬೇಕಾಗುತ್ತೆ. ನಾನೂ ಈವ್ ಆಡ್ತೀನಿ, ಚಿತ್ರದುರ್ಗದಿಂದ, ಮೂರು ಅಕೌಂಟ್. ಮೊದ್ಲು ಲೆಕ್ಕ ನೋಡಿ.

4ಕೆ ಅಂದ್ರೆ 3840 ಅಡ್ಡ, 2160 ಉದ್ದ. ಅದ್ರಲ್ಲಿ 1920 ಬೈ 1080ರ ನಾಲ್ಕು ವಿಂಡೋ ಒಂದು ಪಿಕ್ಸೆಲ್ ಕೂಡ ಉಳೀದಂಗೆ ಸರಿಯಾಗಿ ಕೂರ್ತವೆ. 43 ಇಂಚಲ್ಲಿ ಇಂಚಿಗೆ ಹತ್ತತ್ರ 102 ಪಿಕ್ಸೆಲ್ ಬರುತ್ತೆ, ನಿಮ್ಮ 22 ಇಂಚಿನ ಫುಲ್ ಎಚ್‌ಡಿಯಲ್ಲಿ ಹೆಚ್ಚುಕಮ್ಮಿ 100. ಅಂದ್ರೆ ಈಗಿರೋ ಮಾನಿಟರನ್ನೇ ನಾಲ್ಕು ತಗೊಂಡು ಅಂಚು ಕಿತ್ತಾಕಿ ಅಂಟಿಸಿದಂಗೆ, ಅಕ್ಷರದ ಗಾತ್ರ ಬದಲಾಗಲ್ಲ. 55 ಇಂಚಿಗೆ ಹೋದ್ರೆ ಇಂಚಿಗೆ 80ಕ್ಕೆ ಇಳಿಯುತ್ತೆ, ಹತ್ರ ಕೂತ್ರೆ ಚುಕ್ಕಿ ಚುಕ್ಕಿ ಕಾಣುತ್ತೆ. 32 ಇಂಚಿನ 4ಕೆ ಮಾನಿಟರ್ ತಗೊಂಡ್ರೆ 138 ಬರುತ್ತೆ, ಅಕ್ಷರ ಇರುವೆ ಸೈಜು, ವಿಂಡೋಸ್‌ನಲ್ಲಿ ಸ್ಕೇಲಿಂಗ್ 125, 150 ಮಾಡ್ಬೇಕು, ಆಗ ದುಡ್ಡು ಕೊಟ್ಟು ತಗೊಂಡ ಜಾಗ ಅಲ್ಲೇ ಹೋಯ್ತು.

ಹಂಗಾಗಿ ಟಿವಿನೇ ಅನ್ನೋದಾದ್ರೆ 43, ಅದಕ್ಕಿಂತ ಮೇಲೆ ಬೇಡ. ಟಿವಿನೇ ಬೇಕಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಆಮೇಲೆ ಬರ್ತೀನಿ, ಮೀಟಿಂಗ್ ಐತೆ.

ಮಂಡಕ್ಕಿ_ಮಿರ್ಚಿ
ಮೀಟಿಂಗ್ ಮಧ್ಯ ಮೈನಿಂಗ್ 😂

ಹೊಳಲ್ಕೆರೆ_ಹೈದ
32 ಇಂಚಿನ ಸಾದಾ ಟಿವಿ ಸಾಕಾಗಲ್ವಾ ಅಣ್ಣ? ನಮ್ಮನೇಲಿ ಐತೆ, ಲ್ಯಾಪ್‌ಟಾಪ್ ಹಾಕಿದ್ರೆ ಬರುತ್ತೆ.

ಟಿವಿ_ರಿಪೇರಿ_ಮಾಮ
ತಮ್ಮಾ, ಬರೋದು ಬೇರೆ ಕಾಣೋದು ಬೇರೆ. ಅಂಗಡೀಲಿ ಸಿಗೋ 32 ಇಂಚಿನ ಟಿವಿಗಳಲ್ಲಿ ಬಹಳಷ್ಟು 'ಎಚ್‌ಡಿ ರೆಡಿ', ಪ್ಯಾನೆಲ್ 1366 ಬೈ 768. ಒಂದು ಫುಲ್ ಎಚ್‌ಡಿ ವಿಂಡೋನೂ ಅದ್ರಲ್ಲಿ ಪೂರ್ತಿ ಹಿಡಿಸಲ್ಲ, ನಾಲ್ಕೆಲ್ಲಿ ಇಡ್ತೀಯ. ಡಬ್ಬಿ ಮೇಲೆ '4ಕೆ ಸಪೋರ್ಟ್' ಅಂತ ಬರೆದಿದ್ರೂ ನಂಬಬೇಡ, ಸಿಗ್ನಲ್ ತಗೊಳ್ಳುತ್ತೆ ಅಂತ ಅಷ್ಟೇ ಅದರರ್ಥ, ಪ್ಯಾನೆಲ್ ರೆಸಲ್ಯೂಷನ್ ಎಷ್ಟು ಅಂತ ಬರೆದಿರೋ ಸಾಲು ಹುಡುಕಿ ಓದು.

ಗಣಿಹಡಗು ಅವ್ರಿಗೆ ಹೇಳೋದಾದ್ರೆ, ನಾನು ಟಿವಿ ಬಿಚ್ಚಿ ಜೋಡಿಸೋ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡವ್ನು, ಗೇಮ್ ಗೀಮ್ ಗೊತ್ತಿಲ್ಲ, ಆದ್ರೆ ಪಿಸಿಗೆ ಟಿವಿ ಹಾಕ್ಕೊಂಡು ಆಮೇಲೆ 'ಅಕ್ಷರ ಮಸಕು' ಅಂತ ನನ್ನ ಹತ್ರ ಹೊತ್ಕೊಂಡು ಬರೋರು ಬಹಳ ಮಂದಿ. ಟಿವಿ ಕೆಟ್ಟಿರಲ್ಲ. ಟಿವಿ ಮಾಡಿರೋದೇ ಸಿನಿಮಾ ನೋಡೋಕೆ, ಬಣ್ಣದ ಮಾಹಿತಿನ ಕಮ್ಮಿ ಮಾಡಿ ಕಳಿಸಿದ್ರೂ ಸಿನಿಮಾದಲ್ಲಿ ಕಣ್ಣಿಗೆ ಗೊತ್ತಾಗಲ್ಲ. ಅದನ್ನ 4:2:0 ಅಂತಾರೆ, ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣ. ಸಣ್ಣ ಅಕ್ಷರಕ್ಕೆ ಅದು ಆಗಿಬರಲ್ಲ. ನಿಮಗೆ ಬೇಕಿರೋದು 4:4:4, ಪ್ರತಿ ಪಿಕ್ಸೆಲ್‌ಗೂ ಅದರದ್ದೇ ಬಣ್ಣ, ಅದೂ 60 ಹರ್ಟ್ಜ್‌ನಲ್ಲಿ.

ಅದಕ್ಕೆ ಎಚ್‌ಡಿಎಂಐ 2.0 ಬೇಕು. 1.4 ಇದ್ರೆ 4ಕೆ ಬರುತ್ತೆ, ಆದ್ರೆ 30 ಹರ್ಟ್ಜ್, ಮೌಸ್ ಕುಂಟ್ತಾ ಹೋಗುತ್ತೆ. 2.0 ಇದ್ರೂ ಟಿವಿ ಸೆಟ್ಟಿಂಗ್‌ನಲ್ಲಿ ಆ ಪೋರ್ಟಿಗೆ ಡೀಪ್ ಕಲರ್, ಇಲ್ಲಾ ಎನ್‌ಹ್ಯಾನ್ಸ್ಡ್, ಇಲ್ಲಾ ಸಿಗ್ನಲ್ ಪ್ಲಸ್ ಅಂತ ಏನೋ ಒಂದು ಹೆಸರಿರುತ್ತೆ, ಆನ್ ಮಾಡ್ಬೇಕು. ಇನ್‌ಪುಟ್ ಹೆಸರನ್ನ 'ಪಿಸಿ' ಅಂತ ಬದಲಾಯಿಸಿದ್ರೆ ಮಾತ್ರ 4:4:4 ಕೊಡೋ ಟಿವಿಗಳೂ ಇದಾವೆ. ಎಚ್‌ಡಿಆರ್ ಮುಟ್ಟಬೇಡಿ, 2.0 ವೈರಲ್ಲಿ 10 ಬಿಟ್ ಬಣ್ಣ, 4:4:4, 60 ಹರ್ಟ್ಜ್ ಮೂರೂ ಒಟ್ಟಿಗೆ ಹಿಡಿಸಲ್ಲ.

ಗಣಿಹಡಗು
ಮಾಮ, ಅಂಗಡೀಲಿ ಇದನ್ನ ಕಂಡುಹಿಡಿಯೋದು ಹೆಂಗೆ? ಅಶೋಕ ರಸ್ತೇಲಿ ಒಂದು ಅಂಗಡಿಗೆ ಹೋಗಿದ್ದೆ, ಸೇಲ್ಸ್ ಹುಡುಗ 'ಸರ್ ಡಾಲ್ಬಿ ಐತೆ ಸರ್' ಅಂತ ಅದನ್ನೇ ಹೇಳ್ತಾನೆ, ಟಿವೀಲಿ ಗಿಳಿ, ಜಲಪಾತ, ಕತ್ತರಿಸಿದ ಕಿತ್ತಳೆಹಣ್ಣು ಬಿಟ್ರೆ ಬೇರೇನೂ ತೋರಿಸಲ್ಲ.

ಟಿವಿ_ರಿಪೇರಿ_ಮಾಮ
ಲ್ಯಾಪ್‌ಟಾಪ್, ನಿಮ್ಮದೇ ಎಚ್‌ಡಿಎಂಐ ಕೇಬಲ್ ಎರಡೂ ಜೊತೆಗೆ ಒಯ್ಯಿರಿ. ಪೇಂಟ್ ತೆಗೆದು ಹಿನ್ನೆಲೆ ಕಪ್ಪು ಮಾಡಿ, ಅದ್ರ ಮೇಲೆ ಸಣ್ಣ ಅಕ್ಷರದಲ್ಲಿ ಕೆಂಪು ಬಣ್ಣದಲ್ಲಿ ಏನಾದ್ರೂ ಬರೀರಿ, ಕೆಳಗೆ ಇನ್ನೊಂದು ಸಾಲು ನೀಲಿ, ಇನ್ನೊಂದು ಬಿಳಿ. ಜೂಮ್ 100ರಲ್ಲೇ ಇರಲಿ. ಟಿವಿಯಿಂದ ಎರಡಡಿ ದೂರ ನಿಂತು ನೋಡಿ. ಬಿಳಿ ಸಾಲು ಚೆನ್ನಾಗಿದ್ದು ಕೆಂಪು ಸಾಲಿನ ಅಂಚು ಕರಗಿ ಅಕ್ಷರದ ಒಳಗಿನ ಕಿಂಡಿ ಮುಚ್ಚಿಹೋಗಿದ್ರೆ ಅದು 4:4:4 ಅಲ್ಲ. ಆ ಸೆಟ್ಟಿಂಗ್‌ಗಳನ್ನ ಹಾಕಿ ನೋಡಿ, ಆಗಲೂ ಹಂಗೇ ಇದ್ರೆ ಮುಂದಿನ ಟಿವಿಗೆ ಹೋಗಿ. ಅಂಗಡಿಯವ್ರು ಗೊಣಗ್ತಾರೆ, ಗೊಣಗಲಿ ಬಿಡಿ, 30 ಸಾವಿರ ಕೊಡೋರು ನೀವು.

ಆಮೇಲೆ ಗೇಮ್ ಮೋಡ್. ಅದಿಲ್ದೆ ಇದ್ರೆ ಟಿವಿ ಚಿತ್ರನ ಚೆಂದ ಮಾಡೋಕೆ ಹೋಗಿ ತಡ ಮಾಡುತ್ತೆ, ಮೌಸ್ ಎಳೆದ್ರೆ ಬಾಣ ಹಿಂದಿನಿಂದ ಬರುತ್ತೆ. ಗೇಮ್ ಮೋಡ್ ಹಾಕಿದ ಕೂಡ್ಲೇ 4:4:4 ಬಿಟ್ಟುಕೊಡೋ ಟಿವಿಗಳೂ ಇದಾವೆ, ಹಂಗಾಗಿ ಗೇಮ್ ಮೋಡ್ ಆನ್ ಇರುವಾಗ್ಲೇ ಕೆಂಪು ಸಾಲನ್ನ ಮತ್ತೊಮ್ಮೆ ನೋಡಿ.

ಸರಳರೇಖೆ
ಒಂದು ಅನುಮಾನ. ಒಬ್ನೇ ನಾಲ್ಕು ಅಕೌಂಟ್ ಆಡೋದು ಮೋಸ ಅಲ್ವಾ? ನಾವು ಒಂದೇ ಹಡಗಲ್ಲಿ ಒದ್ದಾಡ್ತಾ ಇರ್ತೀವಿ, ಇವ್ರು ದಂಡು ಕಟ್ಕೊಂಡು ಬರ್ತಾರೆ.

ಗಣಿಹಡಗು
ಈವ್‌ನಲ್ಲಿ ಮೋಸ ಅಲ್ಲ ಬಾಸ್, ಕಂಪನಿನೇ ಒಪ್ಪುತ್ತೆ. ನಾಲ್ಕಕ್ಕೂ ದುಡ್ಡು ಕಟ್ಟಿರ್ಬೇಕು ಅಷ್ಟೇ. ಪುಕ್ಕಟೆ ಆಲ್ಫಾ ಅಕೌಂಟನ್ನ ಇನ್ನೊಂದರ ಜೊತೆ ಒಟ್ಟಿಗೆ ಓಡಿಸೋ ಹಂಗಿಲ್ಲ.

ಅಜೆರಾತ್_ಹಳಬ
ಮೋಸ ಆಗೋದು ಬೇರೆ ಕಡೆ. ಒಂದು ಕೀ ಒತ್ತಿದ್ರೆ ಅದು ಎಲ್ಲಾ ವಿಂಡೋಗೂ ಹೋಗೋ ಹಂಗೆ ಸಾಫ್ಟ್‌ವೇರ್ ಹಾಕ್ತಾರಲ್ಲ, ಇನ್‌ಪುಟ್ ಬ್ರಾಡ್‌ಕಾಸ್ಟಿಂಗ್, ಅದನ್ನ ಈವ್‌ನವ್ರು 2015ರ ಜನವರಿ 1ರಿಂದಲೇ ಬ್ಯಾನ್ ಮಾಡಿದಾರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 2020ರ ನವೆಂಬರ್ ತನಕ ನಡೀತಿತ್ತು, ಆಗ ಅದರ ಕಂಪನಿ ಬ್ಲಿಝಾರ್ಡ್‌ನವ್ರೂ ನಿಲ್ಸಿದ್ರು. ಅದಕ್ಕೂ ಮುಂಚೆ ನಾನೂ ಐದು ಅಕೌಂಟ್ ಆಡಿದೀನಿ. ಆವಾಗ ಸ್ಕ್ರೀನ್ ದೊಡ್ಡದಿರ್ಬೇಕು ಅಂತ ಏನೂ ಇರ್ಲಿಲ್ಲ, ಐದರಲ್ಲೂ ಒಂದೇ ಕೀ, ಒಂದನ್ನ ನೋಡ್ಕೊಂಡ್ರೆ ಆಯ್ತು, ಉಳಿದವು ಬಾಲ ಹಿಡ್ಕೊಂಡು ಬರೋವು. ಈಗ ಒಂದೊಂದು ವಿಂಡೋಗೂ ಕೈಯಲ್ಲೇ ಹೋಗಿ ಒತ್ತಬೇಕು, ಅದಕ್ಕೇ ಸ್ಕ್ರೀನ್ ಜೋಡಣೆ ಬಗ್ಗೆ ಇಷ್ಟು ತಲೆ ಕೆಡಿಸ್ಕೊಳ್ಳೋದು.

ಸರಳರೇಖೆ
ದುಡ್ಡಿರೋನು ನಾಲ್ಕು, ಇಲ್ದೋನು ಒಂದು. ನಿಯಮದಲ್ಲಿ ಇದ್ರೂ ನಂಗೆ ಸರಿ ಅನ್ಸಲ್ಲ.

ಅಜೆರಾತ್_ಹಳಬ
ಅದು ಬೇರೆ ಜಗಳ, ಅದಕ್ಕೆ ಬೇರೆ ಜಾಗದಲ್ಲಿ ಕೂರೋಣ.

ಕುಂದುವಾಡ_ಕೆರೆ
ನಾನು ಮೊಬೈಲ್ ಗೇಮ್‌ಗಳನ್ನ ಪಿಸೀಲಿ ಬ್ಲೂಸ್ಟ್ಯಾಕ್ಸ್ ಅನ್ನೋ ಎಮ್ಯುಲೇಟರ್‌ನಲ್ಲಿ ಆಡ್ತೀನಿ, ಮಲ್ಟಿ ಇನ್‌ಸ್ಟೆನ್ಸ್ ಮ್ಯಾನೇಜರ್‌ನಲ್ಲಿ ನಾಲ್ಕು ತೆಗೆದು ನಾಲ್ಕು ಹಳ್ಳಿ ನೋಡ್ಕೊಳ್ಳೋದು. ಇದಕ್ಕೂ ಟಿವಿ ಬೇಕಾ?

ಯುಬಿಡಿಟಿ_ಸೀನಿಯರ್
ಬೇಡ ಗುರು. ಮೊಬೈಲ್ ಗೇಮ್ ವಿಂಡೋ ಸಣ್ಣದಿದ್ರೂ ಬಟನ್ ದಪ್ಪ ಇರುತ್ತೆ, ಒಂದು 24 ಇಂಚಲ್ಲೇ ನಾಲ್ಕೂ ಕೂರುತ್ತೆ. ನಿಂಗೆ ಸಾಲದೆ ಬರೋದು ಸ್ಕ್ರೀನ್ ಅಲ್ಲ, ರ್‍ಯಾಮ್ ಮತ್ತೆ ಕೋರ್. ಒಂದೊಂದು ಇನ್‌ಸ್ಟೆನ್ಸ್‌ಗೆ 2 ಕೋರ್, 4 ಜಿಬಿ ಅಂತ ಕೊಟ್ರೆ ನಾಲ್ಕಕ್ಕೆ ಎಷ್ಟಾಯ್ತು ನೋಡ್ಕೋ. ಬಯಾಸ್‌ನಲ್ಲಿ ವರ್ಚುವಲೈಸೇಷನ್ ಆನ್ ಐತಾ ನೋಡು, ಅದಿಲ್ದೆ ತೆವಳುತ್ತೆ. ಸುಮ್ನೆ ಬಿಟ್ಟಿರೋ ಇನ್‌ಸ್ಟೆನ್ಸ್‌ಗಳಿಗೆ ಇಕೋ ಮೋಡ್ ಹಾಕು. ಮತ್ತೆ ಬಿಜಿಎಂಐ ಅದ್ರಲ್ಲಿ ಆಡೋಕೆ ಹೋಗಬೇಡ, ಎಮ್ಯುಲೇಟರ್‌ಗೆ ಅನುಮತಿ ಇಲ್ಲ, ಅಕೌಂಟ್ ಹೋಗುತ್ತೆ.

ದುರ್ಗದ_ಅಕ್ಕ
ಬಂದೆ. ಈಗ ನಿಜವಾದ ವಿಷಯ.

ಗಣಿಹಡಗು ಅವ್ರೆ, ನೀವು ನಾಲ್ಕು ವಿಂಡೋನೂ ಸಮ ಅಂತ ಹಿಡ್ಕೊಂಡು ಯೋಚ್ನೆ ಮಾಡ್ತಾ ಇದೀರಿ. ನಿಮ್ಮ ನಾಲ್ಕು ಹಡಗೂ ಒಂದೇ ಸಿಸ್ಟಮ್‌ನಲ್ಲಿ (ಒಂದೇ ನಕ್ಷತ್ರದ ಸುತ್ತ), ಒಂದೇ ಬೆಲ್ಟ್‌ನಲ್ಲಿ (ಕಲ್ಲುಗಳ ಗುಂಪಲ್ಲಿ) ಇರ್ತವೆ ತಾನೆ? ಹಂಗಿದ್ರೆ ಲೋಕಲ್ ಲಿಸ್ಟ್, ಅಂದ್ರೆ ಆ ಸಿಸ್ಟಮ್‌ನಲ್ಲಿ ಯಾರ್ಯಾರು ಇದಾರೆ ಅನ್ನೋ ಪಟ್ಟಿ, ನಾಲ್ಕರಲ್ಲೂ ಒಂದೇ. ಯಾರು ಬಂದ್ರು ಅಂತ ನೋಡೋಕೆ ಒಂದು ವಿಂಡೋ ಸಾಕು, ಅದು ಎದುರಿಗೆ ದೊಡ್ಡದಾಗಿ ಇರ್ಲಿ. ಉಳಿದ ಮೂರರಲ್ಲಿ ನಿಮಗೆ ಬೇಕಿರೋದೇನು? ಲೇಸರ್ ಓಡ್ತಾ ಐತಾ, ಹೋಲ್ಡ್ (ಹಡಗಿನ ಹೊಟ್ಟೆ) ಎಷ್ಟು ತುಂಬಿತು, ಬೂಸ್ಟ್ ನಿಂತಿಲ್ಲ ತಾನೆ. ಇದಕ್ಕೆ ತಲಾ ಒಂದು ಫುಲ್ ಎಚ್‌ಡಿ ಜಾಗ ಕೊಡೋದು ದಂಡ.

ನನ್ನ ಜೋಡಣೆ ಹೇಳ್ತೀನಿ. ಎದುರಿಗೆ 27 ಇಂಚಿನ 1440 (2560 ಬೈ 1440), ಅದ್ರಲ್ಲಿ ಮುಖ್ಯ ಹಡಗು ಒಂದೇ, ಪೂರ್ತಿ. ಎಡಕ್ಕೆ ಹಳೇ 24 ಇಂಚು ಉದ್ದುದ್ದ ತಿರುಗಿಸಿಟ್ಟಿದೀನಿ, ಅದ್ರಲ್ಲಿ ಒಂದರ ಕೆಳಗೊಂದು ಉಳಿದ ಹಡಗುಗಳ ಥಂಬ್‌ನೇಲ್, ಈವ್-ಓ ಪ್ರಿವ್ಯೂ ಅಂತ ಒಂದು ಸಣ್ಣ ಸಾಫ್ಟ್‌ವೇರ್ ಐತೆ, ಅದು ಪ್ರತಿ ಕ್ಲೈಂಟ್‌ನ (ತೆರೆದಿರೋ ಒಂದೊಂದು ಆಟದ ವಿಂಡೋ) ಲೈವ್ ಚಿತ್ರ ತೋರಿಸುತ್ತೆ, ಯಾವುದ್ರ ಮೇಲೆ ಕ್ಲಿಕ್ ಮಾಡಿದ್ರೆ ಅದು ಮುಂದೆ ಬರುತ್ತೆ. ಕೀ ಎಲ್ಲಾದಕ್ಕೂ ಕಳಿಸೋ ಕೆಲಸ ಅದು ಮಾಡಲ್ಲ, ಹಂಗಾಗಿ ಆ ನಿಷೇಧಕ್ಕೆ ಬರಲ್ಲ. ನನ್ನ ಕಣ್ಣು ಎದುರಿಗೇ ಇರುತ್ತೆ, ಎಡಗಡೆ ಏನಾದ್ರೂ ಅಲುಗಾಡೋದು ನಿಂತ್ರೆ ತಾನಾಗೇ ಗೊತ್ತಾಗುತ್ತೆ.

ಟಿವಿ ಮೇಲೆ ನಾಲ್ಕು ವಿಂಡೋ ಫೋಟೋದಲ್ಲಿ ಬಹಳ ಚಂದ. ಆಡುವಾಗ ಮೇಲಿನ ಎರಡನ್ನ ನೋಡೋಕೆ ಗದ್ದ ಎತ್ತಬೇಕು, ಕೆಳಗಿನ ಎರಡಕ್ಕೆ ಇಳಿಸಬೇಕು, ಮೂಲೆಯಿಂದ ಮೂಲೆಗೆ ಮೌಸ್ ಎಳೀಬೇಕು.

ಹುಲ್ಕ್_ಚಳ್ಳಕೆರೆ
ಅಕ್ಕ, ಒಪ್ಪಲ್ಲ. ಎಲ್ರೂ ಹೈಸೆಕ್‌ನಲ್ಲಿ (ಆಟದ ಪೊಲೀಸ್ ಇರೋ ಜಾಗ) ಕಲ್ಲು ಕೆರೆಯಲ್ಲ. ನಾನು ನಲ್‌ಸೆಕ್‌ನಲ್ಲಿ (ಪೊಲೀಸ್ ಇಲ್ದಿರೋ ಜಾಗ) ಇರೋನು, ಪಕ್ಕದ ಸಿಸ್ಟಮ್‌ನಲ್ಲಿ ಒಂದು ಆಲ್ಟ್ (ನನ್ನದೇ ಇನ್ನೊಂದು ಪಾತ್ರ) ಕಾವಲಿಗೆ ನಿಲ್ಸಿರ್ತೀನಿ, ಅವನ ಲೋಕಲ್ ಬೇರೆ, ಅದನ್ನ ಥಂಬ್‌ನೇಲ್‌ನಲ್ಲಿ ಓದೋಕಾಗಲ್ಲ, ಕಣ್ಣಿಗೆ ಕಾಣೋ ಸೈಜಲ್ಲಿ ಇರ್ಲೇಬೇಕು. ವರ್ಮ್‌ಹೋಲ್‌ಗೆ ಹೋದ್ರಂತೂ ಮಾತಾಡೋ ತನಕ ಲೋಕಲ್‌ನಲ್ಲಿ ಹೆಸರೇ ಬರಲ್ಲ, ಡಿ-ಸ್ಕ್ಯಾನ್ (ಸುತ್ತ ಯಾವ ಹಡಗು ಐತೆ ಅಂತ ಹುಡುಕೋ ಬಟನ್) ಒತ್ತುತ್ತಾ ಕೂತಿರ್ಬೇಕು, ಅದರ ಲಿಸ್ಟ್ ಬೇರೆ. ನಂಗೆ 43 ಇಂಚೇ ಸರಿಹೋಗಿದ್ದು. ನಾಲ್ಕು ಸಮ ಭಾಗ ಮಾಡಲ್ಲ, ಪವರ್‌ಟಾಯ್ಸ್ ಅನ್ನೋ ಸಾಫ್ಟ್‌ವೇರ್‌ನ ಫ್ಯಾನ್ಸಿಝೋನ್ಸ್‌ನಲ್ಲಿ ಕೆಳಗೆ ನಡುವೆ ಒಂದು ದೊಡ್ಡ ಜಾಗ, ಸುತ್ತ ಸಣ್ಣವು ಅಂತ ಕೊರೆದು ಇಟ್ಕೊಂಡಿದೀನಿ. ಮಾನಿಟರ್ ಎರಡಿದ್ರೆ ನಡುವೆ ಅಂಚು ಬರುತ್ತೆ, ಇದ್ರಲ್ಲಿ ನಾನು ಎಲ್ಲಿ ಬೇಕಾದ್ರೂ ಗೆರೆ ಹಾಕ್ಕೋಬಹುದು.

ದುರ್ಗದ_ಅಕ್ಕ
ನಿಮ್ಮ ಟೇಬಲ್ ಆಳ ಎಷ್ಟು?

ಹುಲ್ಕ್_ಚಳ್ಳಕೆರೆ
ಮೂರಡಿ ಮೇಲೆ. ಟಿವಿ ಗೋಡೆ ಮೇಲೆ.

ದುರ್ಗದ_ಅಕ್ಕ
ಅಲ್ಲಿಗೆ ಬಂತು ನೋಡಿ. ಇವ್ರದ್ದು ಎರಡಡಿ.

ಹುಲ್ಕ್_ಚಳ್ಳಕೆರೆ
ಟೇಬಲ್ ಒಂದಡಿ ಮುಂದೆ ಎಳ್ಕೊಂಡ್ರೆ ಆಯ್ತಲ್ಲ, ಟಿವಿ ಗೋಡೆಗೆ ಹಾಕ್ಲಿ.

ಗಣಿಹಡಗು
ಟೇಬಲ್ ಒಂದಡಿ ಮುಂದೆ ಬಂದ್ರೆ ಬೀರು ಬಾಗಿಲು ತೆಗೆಯೋಕಾಗಲ್ಲ ಅಣ್ಣ, ಅಮ್ಮನ ಸೀರೆ ಎಲ್ಲಾ ಅದ್ರಲ್ಲೇ ಇರೋದು.

ಮಂಡಕ್ಕಿ_ಮಿರ್ಚಿ
ಬೀರು ಆಚೆ ಹಾಕು. ಗಣಿ ದೊಡ್ಡದೋ ಸೀರೆ ದೊಡ್ಡದೋ.

ನಿವೃತ್ತ_ಮೇಷ್ಟ್ರು
ಅಮ್ಮನ ಸೀರೆ ಬೀರು ಆಚೆ ಹಾಕಿದ್ರೆ ಹುಡುಗನೂ ಅದರ ಜೊತೆಗೇ ಆಚೆ ಬರ್ತಾನೆ ಕಣಯ್ಯಾ ಮಿರ್ಚಿ. ಅಲ್ಲ, ನಂಗೆ ಅರ್ಥ ಆಗ್ದೆ ಇರೋದು, ನಾಲ್ಕು ಹಡಗು ಇಟ್ಕೊಂಡು ಕಲ್ಲು ತೆಗೆದು ಏನ್ರಪ್ಪಾ ಮಾಡ್ತೀರಿ? ದುಡ್ಡು ಬರುತ್ತಾ?

ಗಣಿಹಡಗು
ಆಟದೊಳಗಿನ ದುಡ್ಡು ಬರುತ್ತೆ ಸಾರ್, ಅದನ್ನ ಕೂಡಿಟ್ಟು ಪ್ಲೆಕ್ಸ್ ತಗೊಂಡ್ರೆ ಅಕೌಂಟಿನ ಚಂದಾ ಅದ್ರಲ್ಲೇ ಕಟ್ಟಬಹುದು. ಹೊರಗಡೆ ಕಾಸು ಬರಲ್ಲ, ಆಟದ ದುಡ್ಡನ್ನ ಹೊರಗೆ ಮಾರಿದ್ರೆ ಅಕೌಂಟ್ ಕಿತ್ತಾಕ್ತಾರೆ.

ನಿವೃತ್ತ_ಮೇಷ್ಟ್ರು
ಅಂದ್ರೆ ದುಡಿದು ದುಡಿಯೋ ಹಕ್ಕಿಗೆ ಬಾಡಿಗೆ ಕಟ್ಟೋದು. ಚೆನ್ನಾಗೈತೆ.

ಶೇರುಪೇಟೆ
ನಾನು ಗೇಮ್ ಆಡಲ್ಲ, ಷೇರು ನೋಡೋನು, ಪಿ.ಜೆ. ಬಡಾವಣೆ. ಆದ್ರೆ ಸಮಸ್ಯೆ ಇದೇನೇ, ಒಂದೇ ಸಲಕ್ಕೆ ನಾಲ್ಕೈದು ಕಡೆ ಸಣ್ಣ ಅಂಕಿ ಓದ್ಬೇಕು. ನಂದು ಮೂರು ಮಾನಿಟರ್. ಒಂದು ವಿಷಯ ಯಾರೂ ಹೇಳ್ಲಿಲ್ಲ, ಪ್ಯಾನೆಲ್ ಐಪಿಎಸ್ಸಾ ವಿಎನಾ ನೋಡಿ. ವಿಎ ದೂರದಿಂದ ಸಿನಿಮಾ ನೋಡೋಕೆ ಸೊಗಸು, ಕಪ್ಪು ಕಪ್ಪಾಗೇ ಕಾಣುತ್ತೆ. ಹತ್ತಿರ ಕೂತ್ರೆ ನಡುವಿನ ಭಾಗ ಸರಿ ಇರುತ್ತೆ, ಮೂಲೆಗಳು ಓರೆಯಾಗಿ ಕಾಣೋದ್ರಿಂದ ಬಣ್ಣ ತೊಳೆದುಹೋದಂಗೆ ಆಗುತ್ತೆ, ನಾಲ್ಕು ಮೂಲೇಲೂ ವಿಂಡೋ ಇಟ್ಕೊಳ್ಳೋರಿಗೆ ಅದೇ ಮುಖ್ಯ ಅಲ್ವಾ. ಐಪಿಎಸ್ ಇದ್ರೆ ಕಪ್ಪು ಸ್ವಲ್ಪ ಬೂದಿ ಅನ್ಸುತ್ತೆ, ಆದ್ರೆ ಮೂಲೆ ಓದೋಕೆ ಬರುತ್ತೆ.

ಹೊಳಲ್ಕೆರೆ_ಹೈದ
ಓಎಲ್‌ಇಡಿ?

ಟಿವಿ_ರಿಪೇರಿ_ಮಾಮ
30 ಸಾವಿರಕ್ಕೆ ಬರಲ್ಲ, ಬಂದ್ರೂ ಈ ಕೆಲಸಕ್ಕೆ ಬೇಡ. ದಿನಾ ಗಂಟೆಗಟ್ಟಲೆ ಅದೇ ಜಾಗದಲ್ಲಿ ಅದೇ ಬಟನ್, ಅದೇ ಲಿಸ್ಟು ಅಲುಗಾಡದೆ ನಿಂತಿದ್ರೆ ಅದರ ಗುರುತು ಪ್ಯಾನೆಲ್‌ನಲ್ಲಿ ಉಳ್ಕೊಂಡುಬಿಡುತ್ತೆ. ನಾಲ್ಕು ವಿಂಡೋ ಅಂದ್ರೆ ನಾಲ್ಕು ಕಡೆ ಗುರುತು.

ಹೊಳಲ್ಕೆರೆ_ಹೈದ
ಸರಿ ಇನ್ನೊಂದು. ಲ್ಯಾಪ್‌ಟಾಪಲ್ಲಿ ಒಂದೇ ಎಚ್‌ಡಿಎಂಐ ಐತೆ. ಅಂಗಡಿಯವ್ನು ಸ್ಪ್ಲಿಟರ್ ಕೊಟ್ಟ, ಎರಡು ಮಾನಿಟರ್ ಹಾಕ್ಬಹುದು ಅಂದ. ಹಾಕಿದ್ರೆ ಎರಡ್ರಲ್ಲೂ ಒಂದೇ ಚಿತ್ರ ಬರ್ತಾ ಐತೆ, ಎಕ್ಸ್‌ಟೆಂಡ್ ಅಂತ ಕೊಟ್ರೂ ಕೇಳ್ತಿಲ್ಲ.

ಯುಬಿಡಿಟಿ_ಸೀನಿಯರ್
ಕೇಳಲ್ಲ. ಎಚ್‌ಡಿಎಂಐ ಸ್ಪ್ಲಿಟರ್ ಕೆಲಸನೇ ಒಂದೇ ಚಿತ್ರನ ಎರಡು ಕಡೆ ತೋರಿಸೋದು, ಕೇಬಲ್ ಟಿವಿನ ಎರಡು ರೂಮಿಗೆ ಎಳೆದಂಗೆ. ವಾಪಸ್ ಕೊಟ್ಟು ಬಾ. ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಪೋರ್ಟ್ ಪಕ್ಕ ಡಿಸ್‌ಪ್ಲೇಪೋರ್ಟ್ ಗುರುತು ಐತಾ ನೋಡು, ಇದ್ರೆ ಅದರಿಂದ ಎರಡನೇದು ತೆಗೀಬಹುದು. ಯುಎಸ್‌ಬಿಯಿಂದ ಮಾನಿಟರ್ ಓಡಿಸೋ ಡಿಸ್‌ಪ್ಲೇಲಿಂಕ್ ಅಡಾಪ್ಟರ್‌ಗಳು ಎಕ್ಸೆಲ್‌ಗೆ ಸರಿ, ಗೇಮ್‌ಗೆ ಬೇಡ, ಚಿತ್ರನ ಸಿಪಿಯುನಲ್ಲಿ ಕುಗ್ಗಿಸಿ ಕಳಿಸುತ್ತೆ, ತಡ ಆಗುತ್ತೆ.

ಗಣಿಹಡಗು ಅಣ್ಣನಿಗೆ ಈ ತಲೆನೋವಿಲ್ಲ, ಡೆಸ್ಕ್‌ಟಾಪ್ ಗ್ರಾಫಿಕ್ಸ್ ಕಾರ್ಡಲ್ಲಿ ಸಾಮಾನ್ಯವಾಗಿ ಮೂರು ಡಿಸ್‌ಪ್ಲೇಪೋರ್ಟ್, ಒಂದು ಎಚ್‌ಡಿಎಂಐ ಇರುತ್ತೆ. ಆದ್ರೆ ಹಳೇ ಮಾನಿಟರ್ ತಗೊಳ್ಳುವಾಗ ಅದ್ರಲ್ಲಿ ಯಾವ ಪೋರ್ಟ್ ಐತೆ ನೋಡಿ. ಡಿಸ್‌ಪ್ಲೇಪೋರ್ಟಿಂದ ಎಚ್‌ಡಿಎಂಐಗೆ ಹೋಗೋ ಕೇಬಲ್ ಅಗ್ಗ, ಉಲ್ಟಾ ದಿಕ್ಕಿಗೆ ಅದೇ ಕೇಬಲ್ ಕೆಲಸ ಮಾಡಲ್ಲ. ಬರೀ ವಿಜಿಎ ಇರೋದನ್ನ ಪುಕ್ಕಟೆ ಕೊಟ್ರೂ ಬೇಡ.

ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ಆಫೀಸುಗಳಿಂದ ಬರೋ ಹಳೇ 24 ಇಂಚಿನ ಐಪಿಎಸ್ ಸಿಗ್ತವೆ, 1920 ಬೈ 1200 ಇರೋದು ಸಿಕ್ರೆ ಬಿಡಬೇಡಿ, ಉದ್ದುದ್ದ ತಿರುಗಿಸಿದಾಗ ಅಗಲ ಸ್ವಲ್ಪ ಜಾಸ್ತಿ ಸಿಗುತ್ತೆ, ಸ್ಟ್ಯಾಂಡೂ ತಿರುಗೋ ತರದ್ದೇ ಇರುತ್ತೆ. ತಗೊಳ್ಳೋ ಮುಂಚೆ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಕಲೆ, ಗೆರೆ ನೋಡಿ, ಅರ್ಧ ಗಂಟೆ ಆನ್ ಇಟ್ಟು ಆಮೇಲೆ ದುಡ್ಡು ಕೊಡಿ.

ಶೇರುಪೇಟೆ
ಹೊಸದು ತಗೊಳ್ಳೋರಿಗೆ, ಜಿಎಸ್‌ಟಿ 32 ಇಂಚಿಗಿಂತ ದೊಡ್ಡ ಟಿವಿಗೆ, ಮಾನಿಟರ್‌ಗೆ 28 ಇದ್ದಿದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. 32 ಇಂಚಿನ ತನಕದವಕ್ಕೆ 2019ರಿಂದಲೇ 18 ಇತ್ತು. 'ಮಾನಿಟರ್‌ಗೂ ಇಳೀತು ಸರ್' ಅಂತ 27 ಇಂಚಿಗೆ ಹೇಳಿದ್ರೆ ನಕ್ಕು ಸುಮ್ನಾಗಿ.

ಮಂಡಕ್ಕಿ_ಮಿರ್ಚಿ
ಎಸ್‌.ಪಿ. ರೋಡ್‌ಗೆ ಹೋಗೋರು ಯಾರಾದ್ರೂ ಇದ್ರೆ ನಂಗೊಂದು ಮೌಸ್ ತನ್ರಿ, ದಾವಣಗೆರೆಗೆ ವಾಪಸ್ ಬಂದಾಗ ಬೆಣ್ಣೆ ದೋಸೆ ಕೊಡಿಸ್ತೀನಿ.

ಹುಲ್ಕ್_ಚಳ್ಳಕೆರೆ
ಖಾಲಿನಾ, ಆಲೂಗಡ್ಡೆ ಪಲ್ಯ ಹಾಕಿದ್ದಾ?

ಮಂಡಕ್ಕಿ_ಮಿರ್ಚಿ
ಖಾಲಿ. ಎರಡು. ಬೆಣ್ಣೆ ಜಾಸ್ತಿ. ಮೌಸ್ ವೈರ್‌ಲೆಸ್ ಆಗಿದ್ರೆ ಮೂರು.

ನಿವೃತ್ತ_ಮೇಷ್ಟ್ರು
ಮೌಸ್ ಇಲ್ಲೇ ಸಿಗುತ್ತೆ, ದೋಸೆ ನಂಗೆ ಕೊಡ್ಸು.

ಅಜೆರಾತ್_ಹಳಬ
ವಿಷಯಕ್ಕೆ ಬನ್ರಪ್ಪ. ಕರೆಂಟ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಬೇಸಿಗೇಲಿ ಹೋಗಿ ಬಂದು ಮಾಡುತ್ತೆ. ನಾಲ್ಕು ಹಡಗು ಬಯಲಲ್ಲಿ ನಿಂತಿರುವಾಗ ಪಿಸಿ ಆರಿದ್ರೆ ಹಡಗು ತಕ್ಷಣ ಮಾಯ ಆಗಲ್ಲ, ಅಷ್ಟರಲ್ಲಿ ಯಾರಾದ್ರೂ ಹೊಡೀಬಹುದು. ಸಾಮಾನ್ಯ 600 ವಿಎ ಯುಪಿಎಸ್ ಅಂದ್ರೆ 360 ವ್ಯಾಟ್ ಹತ್ರ. 24 ಇಂಚಿನ ಮಾನಿಟರ್ 20-25 ವ್ಯಾಟ್ ತಿನ್ನುತ್ತೆ, 43 ಇಂಚಿನ ಟಿವಿ ಬೆಳಕು ಜಾಸ್ತಿ ಇಟ್ರೆ 100ರ ಸುತ್ತ. ಪಿಸಿಗೆ ಎಷ್ಟು ಉಳೀತು ನೋಡ್ಕೊಳ್ಳಿ. ಟಿವಿ ತಗೊಂಡ್ರೆ ಟಿವಿನ ಯುಪಿಎಸ್‌ಗೆ ಹಾಕ್ಬೇಡಿ ಅಂತ ಹೇಳೋಕೂ ಆಗಲ್ಲ, ನೋಡದೆ ಹಡಗನ್ನ ನಿಲ್ದಾಣಕ್ಕೆ ಸೇರಿಸೋದು ಹೆಂಗೆ. ಮತ್ತೆ ಇಂಟರ್ನೆಟ್ ಡಬ್ಬಿನ ಯುಪಿಎಸ್‌ಗೆ ಹಾಕೋದು ಮರೀಬೇಡಿ.

ಯುಬಿಡಿಟಿ_ಸೀನಿಯರ್
ಇದಕ್ಕೇ ಸೇರಿಸಿ ಒಂದು. ಹಿಂದಿರೋ ಮೂರು ಕ್ಲೈಂಟ್ ಪೂರ್ತಿ ಫ್ರೇಮ್‌ನಲ್ಲಿ ಓಡೋದು ಬೇಕಿಲ್ಲ. ಎನ್‌ವಿಡಿಯಾ ಕಾರ್ಡ್ ಆದ್ರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬ್ಯಾಕ್‌ಗ್ರೌಂಡ್ ಅಪ್ಲಿಕೇಶನ್ ಮ್ಯಾಕ್ಸ್ ಫ್ರೇಮ್ ರೇಟ್ ಅಂತ ಐತೆ, 20-30ಕ್ಕೆ ಇಟ್ಬಿಡಿ. ಕಾರ್ಡ್ ತಣ್ಣಗಿರುತ್ತೆ, ಯುಪಿಎಸ್ಸೂ ನಾಲ್ಕು ನಿಮಿಷ ಜಾಸ್ತಿ ಎಳೆಯುತ್ತೆ. 144 ಹರ್ಟ್ಜ್ ಮಾನಿಟರ್ ಹುಚ್ಚು ಈ ಆಟಕ್ಕೆ ಬೇಡ, ಆ ದುಡ್ಡು ಪ್ಯಾನೆಲ್‌ಗೆ ಹಾಕಿ.

ಗಣಿಹಡಗು
ಎಲ್ರ ಮಾತೂ ಕೇಳಿ ಒಂದು ಕೆಲಸ ಮಾಡ್ದೆ. 43 ಇಂಚಿನ ಟಿವಿ ಅಗಲ 95 ಸೆಂ.ಮೀ., ಎತ್ತರ 54 ಹತ್ರ. ಹಳೇ ಪೇಪರ್ ಹಾಳೆಗಳನ್ನ ಅಷ್ಟಕ್ಕೆ ಸೆಲ್ಲೋಟೇಪ್ ಹಾಕಿ ಜೋಡಿಸಿ ಮಾನಿಟರ್ ಹಿಂದಿನ ಗೋಡೆಗೆ ಅಂಟಿಸಿದೆ. ಸ್ಕೆಚ್ ಪೆನ್ನಲ್ಲಿ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ, ನಾಲ್ಕು ಮನೆ ಆಯ್ತು. ಒಂದೊಂದ್ರಲ್ಲೂ ಎಡಗಡೆ ಕೆಳಗೆ ಲೋಕಲ್, ಬಲಗಡೆ ಓವರ್‌ವ್ಯೂ (ಹಡಗಿನ ಸುತ್ತ ಏನೇನೈತೆ ಅನ್ನೋ ಪಟ್ಟಿ) ಅಂತ ಡಬ್ಬಿ ಬರೆದು, ಮಾನಿಟರ್ ಎತ್ತಿ ಪಕ್ಕಕ್ಕಿಟ್ಟು, ಖುರ್ಚೀಲಿ ಕೂತು ಒಂದೊಂದಾಗಿ ಓದೋ ನಾಟಕ ಮಾಡ್ದೆ. ಬಲಗಡೆ ಮೇಲಿನ ಓವರ್‌ವ್ಯೂಗೆ ಹೋಗೋಕೆ ತಲೆ ಪೂರ್ತಿ ತಿರುಗಿಸ್ಬೇಕು, ಬರೀ ಕಣ್ಣು ಹೋಗಲ್ಲ. ಅಮ್ಮ ಬಂದು ನೋಡಿ ಪೇಪರ್‌ಗೆ ಯಾಕೋ ಕೈ ಮುಗೀತೀಯ ಅಂದ್ರು.

ಹುಲ್ಕ್ ಅಣ್ಣ ಹೇಳೋದು ಅವ್ರ ರೂಮಿಗೆ ಸರಿ. ನನ್ನ ಹಡಗುಗಳೆಲ್ಲಾ ಒಂದೇ ಬೆಲ್ಟಲ್ಲಿ ಇರೋದು, ಹಂಗಾಗಿ ಅಕ್ಕ ಹೇಳಿದ ದಾರಿಗೆ ಬರ್ತೀನಿ. 27 ಇಂಚಿನ 1440 ಐಪಿಎಸ್ ಹೊಸದು, 24 ಇಂಚು ಹಳೇದು ಒಂದು, ಇರೋ 22 ಇಂಚು ಬಲಗಡೆ. ಟೇಬಲ್ 120 ಸೆಂ.ಮೀ. ಐತೆ, 24 ಇಂಚಿಂದು ಉದ್ದುದ್ದ ನಿಲ್ಸಿದ್ರೆ 30 ಚಿಲ್ಲರೆ, 27 ಇಂಚಿಗೆ 60 ಚಿಲ್ಲರೆ, 22 ಇಂಚಿಗೆ 50. ಇಪ್ಪತ್ತು ಚಿಲ್ಲರೆ ಜಾಸ್ತಿ ಆಯ್ತು, 22ನ್ನ ಒಳಕ್ಕೆ ಓರೆ ಮಾಡಿ ನೋಡ್ತೀನಿ, ಆಗ್ಲಿಲ್ಲ ಅಂದ್ರೆ ಅದು ತಂಗಿಗೆ.

ಹುಲ್ಕ್_ಚಳ್ಳಕೆರೆ
ಪೇಪರ್ ಐಡಿಯಾ ಚೆನ್ನಾಗೈತೆ. ಆದ್ರೂ ನಲ್‌ಸೆಕ್‌ಗೆ ಬಂದ ದಿನ ಟಿವಿಗೆ ಬರ್ತೀರಿ, ಬರೆದಿಟ್ಕೊಳ್ಳಿ.

ದುರ್ಗದ_ಅಕ್ಕ
22ನ್ನೂ ಉದ್ದುದ್ದ ತಿರುಗಿಸೋಕಾಗುತ್ತಾ ನೋಡಿ, ಸ್ಟ್ಯಾಂಡ್ ತಿರುಗಲ್ಲ ಅಂದ್ರೆ ಹಿಂದೆ ನಾಲ್ಕು ಸ್ಕ್ರೂ ತೂತು ಇರುತ್ತೆ, 100 ಬೈ 100 ಮಿ.ಮೀ., ಟೇಬಲ್‌ಗೆ ಕಚ್ಚೋ ಮಾನಿಟರ್ ಆರ್ಮ್ ಹಾಕ್ಬಹುದು. ಟೇಬಲ್ ಹಲಗೆ ಪ್ಲೈವುಡ್ ಆದ್ರೆ ಸರಿ, ತೆಳ್ಳಗಿನ ಒತ್ತು ಹಲಗೆ ಆದ್ರೆ ಅಡಿಗೊಂದು ಮರದ ತುಂಡು ಕೊಟ್ಟು ಬಿಗಿ ಮಾಡಿ. ಅದೂ ಉದ್ದುದ್ದ ಆದ್ರೆ ಮೂರೂ ಸೇರಿ 120ಕ್ಕೆ ಹತ್ತತ್ರ ಕೂರುತ್ತೆ.

ಗಣಿಹಡಗು
ತೂತು ಐತೆ ಅಕ್ಕ, ಈಗ ನೋಡ್ದೆ, ರಬ್ಬರ್ ಮುಚ್ಚಳದ ಹಿಂದೆ. ಇನ್ನೊಂದು ಕೇಳ್ಬೇಕಿತ್ತು, ಮಾನಿಟರ್ ಆಫ್ ಮಾಡಿ ಆನ್ ಮಾಡಿದ್ರೆ ವಿಂಡೋಗಳೆಲ್ಲಾ ಒಂದೇ ಸ್ಕ್ರೀನಿಗೆ ಬಂದು ಗುಡ್ಡೆ ಬೀಳ್ತವೆ ಅಂತ ಗೆಳೆಯ ಹೆದರಿಸ್ತಿದಾನೆ, ನಿಜಾನಾ? ದಿನಾ ಸಂಜೆ ನಾಲ್ಕೂವರೆಗೆ ಸರ್ವರ್ ಡೌನ್‌ಟೈಮ್ ಅಲ್ವಾ, ಆಗ ಎಲ್ಲಾ ಆಫ್ ಮಾಡಿ ಟೀಗೆ ಹೋಗೋ ಅಭ್ಯಾಸ.

ಯುಬಿಡಿಟಿ_ಸೀನಿಯರ್
ಡಿಸ್‌ಪ್ಲೇಪೋರ್ಟಲ್ಲಿ ಆಗುತ್ತೆ, ಮಾನಿಟರ್ ಆಫ್ ಆದ್ರೆ ವಿಂಡೋಸ್ ಅದನ್ನ ಕಿತ್ತುಹಾಕಿದ್ರು ಅಂತ ತಿಳ್ಕೊಳ್ಳುತ್ತೆ. ವಿಂಡೋಸ್ 11 ಆದ್ರೆ ಡಿಸ್‌ಪ್ಲೇ ಸೆಟ್ಟಿಂಗ್ಸ್, ಮಲ್ಟಿಪಲ್ ಡಿಸ್‌ಪ್ಲೇಸ್ ಒಳಗೆ ಹೋಗಿ, ಮಾನಿಟರ್ ಕನೆಕ್ಷನ್ ನೋಡ್ಕೊಂಡು ವಿಂಡೋ ಜಾಗ ನೆನಪಿಟ್ಕೊಳ್ಳೋಕೆ ಒಂದು ಟಿಕ್ ಐತೆ, ಅದು ಆನ್ ಇರ್ಲಿ. ಈವ್-ಓ ಪ್ರಿವ್ಯೂ ತನ್ನ ಥಂಬ್‌ನೇಲ್ ಜಾಗನ ತಾನೇ ಸೇವ್ ಮಾಡ್ಕೊಳ್ಳುತ್ತೆ. ಕ್ಲೈಂಟ್‌ಗಳನ್ನ ಫುಲ್‌ಸ್ಕ್ರೀನ್‌ನಲ್ಲಿ ಇಡಬೇಡಿ, ಫಿಕ್ಸೆಡ್ ವಿಂಡೋ ಅಂತ ಇಡಿ. ಎಸ್‌.ಪಿ. ರೋಡ್‌ಗೆ ಬರೋ ಶನಿವಾರ ನಾನು ಹೋಗ್ತಾ ಇದೀನಿ, 24 ಇಂಚಿಂದು ನೋಡ್ಕೊಂಡು ಬರ್ಬೇಕಾದ್ರೆ ಮೆಸೇಜ್ ಹಾಕಿ.

ಮಂಡಕ್ಕಿ_ಮಿರ್ಚಿ
ಮೌಸ್ ಸೀನಿಯರ್ ಮೌಸ್